ಇರ್ಲಿ

ದಟ್ಟಗಳ್ಳಿ, ಮೈಸೂರು
14-9-2008

ಚಿ. ನಿಶ್ಚಿತಾಳಿಗೆ ನಿನ್ನ ಮಾಂತು ಮಾವನ ಆಶೀರ್ವಾದಗಳು.

ನೀನು ಹಾಸನಕ್ಕೆ ಹೋಗಿ ಐದು ತಿಂಗಳಾಯಿತು, ನಾನು ಒಂದು ಕಾಗದ ಹಾಕಲಿಲ್ಲ. ಪುರುಸೊತ್ತಿರಲಿಲ್ಲ ಅಂತ ಬರೆಯೋಣವೆಂದರೆ ಅದೂ ಸುಳ್ಳಾಗುತ್ತದೆ. ನಿನಗೆ ಬರೆಯಲು ನನಗೆ ಮುಖವಿರಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಹೋದ ಭಾನುವಾರ ಕೆಸರೆಗೆ ಹೋಗಿದ್ದೆ. ನಿಮ್ಮಮ್ಮ ಒಬ್ಬಟ್ಟು ಬಡಿಸುತ್ತಾ, "ನೀನು ಸೇರ್ಸಿದ್ ಕೆಲಸ, ನಿನ್ ಮಾನ ಕಳ್ದ್‌ಬುಟ್ಲು ಕಣೋ ಮಾಂತು. ತಪ್ಪಾಯ್ತು ಕಣಪ್ಪ," ಅಂದಳು. ಅಕ್ಕ ತಮ್ಮನಿಗೆ ಕೈ ಮುಗಿಯುವುದೇ! ನೀನೀಗ ಟೈಪಿಂಗ್ ಕಲಿಸುತ್ತೀಯಂತೆ. ಒಂದೊಂದು ಸಾಲನ್ನೂ ನಾಲ್ಕು ಸಲ ಓದುತ್ತೀಯಂತೆ. "ಅವಳ ಕಣ್ಣನ್ನ ಅವಳೇ ನಂಬಲ್ಲ," ಅಂದಳು.

ನಮ್ಮ ಆಫೀಸಿನಲ್ಲಿ, ಕರೆಂಟು ಕೊಟ್ಟ ತಕ್ಷಣ ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ಕೋಡನ್ನು ಬರೆದವಳು ನೀನು, ಅದರಲ್ಲಿ ತಪ್ಪು ಹುಡುಕಬೇಕಾದವನು ನಾನು. ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಆ ಕೋಡು ಓದುತ್ತದೆ. ಪಟ್ಟಿ ತನ್ನ ಉದ್ದ ಇಷ್ಟು ಅಂದ ಮಾತ್ರಕ್ಕೆ ನಂಬಿಬಿಡುವುದೇ? ನಿನಗೇ ಅನುಮಾನ ಬಂದು ಪ್ರಿಂಟಿನ ಅಂಚಿನಲ್ಲಿ ಕೇಳಿದ್ದೆ: "ಉದ್ದ ಪರೀಕ್ಷಿಸುವ ಸಾಲು ಹಾಕಲಾ ಸಾರ್?" ಮನೆಯಲ್ಲಿ ಮಾವ, ಆಫೀಸಿನಲ್ಲಿ ಸಾರ್! ನಾನು ಐದೂವರೆ ಬಸ್ಸಿನ ಅವಸರದಲ್ಲಿ ಪೆನ್ಸಿಲಿನಲ್ಲಿ ಉತ್ತರ ಗೀಚಿ ಎದ್ದೆ. ನೀನು ಆ ಸಾಲು ಹಾಕಲಿಲ್ಲ. ಹೊಸ ಬೋರ್ಡಿನ ಪಟ್ಟಿ ಉದ್ದವಾಗಿತ್ತು, ಮೆಮೊರಿಯಲ್ಲಿ ಅದಕ್ಕೆಂದು ಇಟ್ಟ ಜಾಗ ಮೀರಿ ಹರಿಯಿತು. ಡೈರಿಗಳಿಗೆ ಹೋದ ಎಂಬತ್ತು ಹಾಲು ಪರೀಕ್ಷೆಯ ಯಂತ್ರಗಳಲ್ಲಿ ಒಂದೂ ಏಳಲಿಲ್ಲ.

ಸಿದ್ದಲಿಂಗಸ್ವಾಮಿ ಸಾಹೇಬರು ಮೀಟಿಂಗಿನಲ್ಲಿ ಆ ಹಾಳೆ ತೆಗೆದರು. ನಿನ್ನ ಪ್ರಶ್ನೆಯ ಕೆಳಗೆ ನನ್ನ ಅಕ್ಷರದಲ್ಲಿ "ಇರ್ಲಿ" ಅಂತಿತ್ತು. "ಸಾಲು ಇರ್ಲಿ ಅಂತ ತಾನೆ ಬರ್ದಿರೋದು? ಯಾಕಮ್ಮ ಹಾಕ್ಲಿಲ್ಲ?" ಅಂದರು. ನೀನು ಕಣ್ಣುಜ್ಜಿಕೊಂಡು ಮತ್ತೆ ನೋಡಿ, "ನಾನೇ ತಪ್ಪು ಓದ್ಕೊಂಡಿರ್ಬೇಕು ಸಾರ್," ಅಂದೆ. ಪಕ್ಕದಲ್ಲೇ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ನಿನ್ನ ಕೆಲಸ ಹೋಯಿತು, ನನ್ನ ಕುರ್ಚಿ ಉಳಿಯಿತು. ಥೂ, ಇಂಥವನೂ ಒಬ್ಬ ಸೋದರಮಾವ!

ಹೊತ್ತುಹೊತ್ತಿಗೆ ಊಟ ಮಾಡು. ಎಲ್ಲಿದ್ದರೂ ತಲೆಯೆತ್ತಿ ಬಾಳು, ಕೂಸೇ.

ಇಂತಿ ನಿನ್ನ ಮಾವ,
ಮಹಾಂತೇಶ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿ. "ಇರ್ಲಿ" ಆದಮೇಲೆ ಪೆನ್ಸಿಲ್ ಒತ್ತಿದ ಗುರುತು ಇನ್ನೂ ಇದೆ: "ಬುಡು." ಮೀಟಿಂಗಿಗೆ ಮುಂಚೆ ಅದನ್ನು ರಬ್ಬರಿನಲ್ಲಿ ಉಜ್ಜಿದವನು ನಾನೇ. ನಾಳೆ ಸಾಹೇಬರಿಗೂ ಅಕ್ಕನಿಗೂ ಹೇಳುತ್ತೇನೆ. ನನ್ನ ಧೈರ್ಯವನ್ನು ನಾನೇ ನಂಬಲಾರೆ, ಅದಕ್ಕೇ ಹಾಳೆ ನಿನ್ನ ಹತ್ತಿರ ಇರಲಿ. ನೀನು ಸರಿಯಾಗೇ ಓದಿದ್ದೆ ಕಣಮ್ಮ.