ಮಾಯಾಳ ಹಿಮ್ಮಡಿ

ಈರಪ್ಪ ಸರ್,

ನೀವು ತೀರಿಹೋಗಿ ವರ್ಷವಾಯಿತು. ನನ್ನ ಸಿಟ್ಟು ಮಾತ್ರ ಹೋಗಿಲ್ಲ.

ಇವತ್ತು ಇಳಕಲ್ಲಿನ ನೌಕರರ ಕ್ರೀಡಾಕೂಟದಲ್ಲಿ ನಿಮ್ಮ ಮಗಳು ಮಾಯಾ ಓಡುತ್ತ ಬಿದ್ದಳು. "ಅಕ್ಕಾ, ಯಾರೋ ಹಿಂದಿಂದ ಒದ್ದಂಗಾತು," ಅಂದಳು. ಅವಳ ಹಿಂದೆ ಯಾರೂ ಇರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಬಾದಾಮಿಯ ಖೋಖೋ ಅಂಗಳದಲ್ಲಿ, ನೀವು ನಮಗೆ ಆಟ ಕಲಿಸುತ್ತಿದ್ದಾಗ, ನಾನೂ ಬಿದ್ದು ಇದೇ ಮಾತು ಹೇಳಿದ್ದೆ. "ನಾಟಕ ಮಾಡಬ್ಯಾಡ. ಉಳುಕೇತಿ, ಎದ್ದು ಓಡು," ಅಂದಿರಿ. ಎದ್ದೆ. ಆಮೇಲೆ ಆರು ವಾರ ಎಣ್ಣೆ ತಿಕ್ಕಿಸಿದಿರಿ. ಕೊನೆಗೆ ಆಪರೇಷನ್ ಆದಾಗ ಹಿಮ್ಮಡಿಯ ಹರಿದ ನರದ ತುದಿಗಳು ದೂರ ಸರಿದಿದ್ದವು. ಹೊಲಿದರೂ ಕಾಲು ಮೊದಲಿನಂತಾಗಲಿಲ್ಲ. ನೀವು ನೋಡಲು ಬಂದಿರಿ. ನಾನು ಗೋಡೆಯ ಕಡೆ ಹೊರಳಿದೆ.

ಮಾಯಾಳ ಮೀನಖಂಡ ಹಿಚುಕಿದೆ, ಪಾದ ಅಲುಗಲಿಲ್ಲ. ನರ ಹರಿದರೆ ಹೀಗಾಗುತ್ತದೆಂದು ನನ್ನ ಕಾಲಿನಿಂದಲೇ ಕಲಿತಿದ್ದೆ. ಆಗಲೇ ಬಾಗಲಕೋಟೆಗೆ ಕರೆದೊಯ್ದೆ. ಡಾಕ್ಟರು ನೋಡಿ, "ಹಿಮ್ಮಡದ ನರ, ಅಂದ್ರ ಸ್ನಾಯುರಜ್ಜು, ಪೂರಾ ಹರದೈತಿ. ಲಗೂನ ಬಂದೀರಿ, ಚಲೋ ಆತು. ಆಪರೇಷನ್ ಮಾಡಿ ಹೊಲಿಬಹುದು. ಇಲ್ಲಾಂದ್ರ ಪಾದ ಕೆಳಗ ಬಗ್ಗಿಸಿ ಪ್ಲಾಸ್ಟರ್ ಹಾಕಿದ್ರೂ ಕೂಡತೈತಿ. ನೀವ ಹೇಳ್ರಿ," ಅಂದರು. ಮಾಯಾ ಪ್ಲಾಸ್ಟರ್ ಸಾಕೆಂದಳು.

ನನಗೂ ಎರಡು ದಾರಿಗಳಿದ್ದವು, ಸರ್. ಒಂದನ್ನೂ ನೀವು ಉಳಿಸಲಿಲ್ಲ.

ಪ್ಲಾಸ್ಟರ್ ಒಣಗುವಾಗ ಮಾಯಾ ಕೇಳಿದಳು, "ಅಕ್ಕಾ, ಅಪ್ಪ ಇದ್ದಿದ್ರ ಏನ್ ಮಾಡ್ತಿದ್ದ?"

"ನಿನ್ನ ಹೊತ್ಕೊಂಡು ದವಾಖಾನಿಗೆ ಓಡ್ತಿದ್ರು," ಅಂದೆ.

ಅವಳು ನಂಬಿದಳು. ನಿಮಗಾಗಿ ನನ್ನ ಬಾಯಿಂದ ಸುಳ್ಳು ಬಂತು. ಅದಕ್ಕೂ ನಿಮ್ಮ ಮೇಲೇ ಸಿಟ್ಟು.

ವಿದ್ಯಾ