ಎರಡೇ ಸೀಟಿನ ಹಳೇ ಕಾರು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಹಡಗಿನಲ್ಲಿರುವ ನಮ್ಮ ಯಜಮಾನರಿಗೆ, ಪ್ರೀತಿಯಿಂದ,

ಹೇಗಿದ್ದೀರಿ? ಮೊಣಕಾಲಿನ ನೋವು ಇಳಿಯಿತೇ? ಎಂಜಿನ್ ರೂಮಿನ ಸೆಕೆಗೆ ನಿದ್ದೆಯೇ ಹತ್ತುವುದಿಲ್ಲ ಎಂದು ಬರೆದಿದ್ದಿರಿ, ಈಗಲಾದರೂ ಕಣ್ತುಂಬ ನಿದ್ದೆ ಮಾಡುತ್ತಿದ್ದೀರಾ? ನಾವಿಬ್ಬರೂ ಚೆನ್ನಾಗಿದ್ದೇವೆ. ಮಾವನ ಬಿಪಿ ಹದದಲ್ಲಿದೆ. ನನ್ನ ಹೊಲಿಗೆ ಅಂಗಡಿಗೆ ಸೋಫಾ ಕವರಿನ ಕೆಲಸ ಬರುತ್ತಲೇ ಇದೆ. ಇಷ್ಟು ಓದಿ ನೆಮ್ಮದಿಯಾದ ಮೇಲೆ ಎಲ್ಲಾದರೂ ಕುಳಿತುಕೊಳ್ಳಿ. ನಾನೊಂದು ಕಾರು ಕೊಂಡಿದ್ದೇನೆ.

ಓಡುವ ಕಾರಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ನಾವು ಹುಟ್ಟುವುದಕ್ಕೂ ಮುಂಚಿನ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ಗುಂಡು ದೀಪ, ಎರಡೇ ಸೀಟು, ಮಡಚಿಡುವ ಬಟ್ಟೆಯ ಚಾವಣಿ. ಆ ಬಟ್ಟೆಯಿಂದಲೇ ಎಲ್ಲ ಶುರುವಾಗಿದ್ದು. ಪಿಯಾನೋ ಕಲಿಸುವ ಟೀಚರೊಬ್ಬರು ಸೋಫಾ ಹೊಲಿಸಲು ಕರೆದಿದ್ದರು. ಅಳತೆ ಮುಗಿದ ಮೇಲೆ, ‘ಶೆಡ್ಡಲ್ಲಿ ಇನ್ನೊಂದು ಹರಿದಿರೋದಿದೆ, ನೋಡ್ತೀರಾ’ ಎಂದರು. ಪ್ರಾಯದಲ್ಲಿ ಅವರೇ ಓಡಿಸುತ್ತಿದ್ದ ಕಾರಂತೆ, ಕಣ್ಣು ಮಂಜಾದ ಮೇಲೆ ನಿಲ್ಲಿಸಿದ್ದು. ಕೇಳಿಕೊಂಡು ಬಂದವರೆಲ್ಲ ಬಿಡಿಭಾಗ ಬಿಚ್ಚಿ ಮಾರುವವರು. ‘ತುಂಡು ಮಾಡೋರಿಗೆ ಕೊಡಲ್ಲಮ್ಮ, ತುಕ್ಕು ಹಿಡಿದ್ರೆ ಹಿಡೀಲಿ’ ಎಂದರು. ನಾನು ಸೀಟಿನ ಚರ್ಮವನ್ನು ಮುಟ್ಟಿ ನೋಡಿದೆ. ಅಂಚಿಗೆಲ್ಲ ಕೈಹೊಲಿಗೆ, ಎಲ್ಲೂ ಒಂದೆಳೆ ಅಡ್ಡದಾರಿ ಹಿಡಿದಿಲ್ಲ. ‘ಇದನ್ನ ನಾನು ಹೊಲೀತೀನಿ’ ಎಂದು ಬಾಯಿಂದ ಬಂದೇಬಿಟ್ಟಿತು. ‘ಮಿಕ್ಕಿದ್ದು?’ ಎಂದರು. ‘ಮಿಕ್ಕಿದ್ದನ್ನ ಕಲೀತೀನಿ’ ಎಂದೆ. ಅವರು ಕೀಲಿಯನ್ನು ನನ್ನ ಕೈಗಿಟ್ಟರು.

ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದಾಗ ಮಾವ ಮೆಟ್ಟಿಲ ಮೇಲೆ ನಿಂತಿದ್ದರು. ಅತ್ತೆ ಹೋದ ಮೇಲೆ ನಮ್ಮಿಬ್ಬರ ಮಾತು ‘ಊಟ ಆಯ್ತಾ’, ‘ಆಯ್ತಮ್ಮ’ ಎಂಬಲ್ಲಿಗೆ ನಿಂತಿತ್ತು, ನಿಮಗೂ ಗೊತ್ತು. ಜಂಬದಿಂದ ಒಳಗೆ ಕುಳಿತು ಕಾಲು ಚಾಚಿದೆ. ತುಕ್ಕು ತಿಂದ ತಳದ ತಗಡು ಹಪ್ಪಳದಂತೆ ಮುರಿದು ನನ್ನ ಕಾಲು ರಸ್ತೆ ಮುಟ್ಟಿತು. ಮಾವ ಬಗ್ಗಿ ನೋಡಿ, ‘ನಡ್ಕೊಂಡೇ ಓಡಿಸ್ಬಹುದಲ್ಲಮ್ಮ, ಪೆಟ್ರೋಲ್ ಉಳೀತು’ ಎಂದರು. ಅವರ ಬಾಯಲ್ಲಿ ತಮಾಷೆ ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಕಾಲು ಎಳೆದುಕೊಳ್ಳುವುದನ್ನೂ ಮರೆತು ನಕ್ಕೆ.

ಮರುದಿನದಿಂದ ಅವರದೂ ನಮ್ಮ ಶೆಡ್ಡಿನಲ್ಲೇ ಠಿಕಾಣಿ. ಜೀವಮಾನವಿಡೀ ಅಚ್ಚುಕೂಟದಲ್ಲಿ ಕರಡು ತಿದ್ದಿದವರು, ನಟ್ಟು ಬೋಲ್ಟಿನ ಗಂಧವಿಲ್ಲ. ನನಗೂ ಇಲ್ಲ. ನಾನು ಬಿಚ್ಚುತ್ತೇನೆ, ಅವರು ಪ್ರತಿ ತಿರುಪಿಗೂ ಮುತ್ತಿನಂಥ ಅಕ್ಷರದ ಚೀಟಿ ಅಂಟಿಸಿ ಡಬ್ಬಿಗೆ ಹಾಕುತ್ತಾರೆ. ರಿಪೇರಿ ಪುಸ್ತಕದ ಅಚ್ಚಿನ ತಪ್ಪುಗಳನ್ನು ತಿದ್ದದೆ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ.

ಎಂಜಿನ್ ಮಾತ್ರ ಕಚ್ಚಿಕೊಂಡಿತ್ತು, ಅಲ್ಲಾಡಲಿಲ್ಲ. ಹಿಂದಿನ ಬೀದಿಯ ಮೆಕ್ಯಾನಿಕ್ ನೋಡಿ, ‘ಎತ್ತಿ ಬಿಸಾಕಿ ಬೇರೆ ಕೂರ್ಸಿ’ ಎಂದ. ಟೀಚರಿಗೆ ಹೇಗೆ ಮುಖ ತೋರಿಸುವುದು? ಆಮೇಲೆ ನಮ್ಮ ಹಳೇ ಹೊಲಿಗೆ ಯಂತ್ರ ಜಡ್ಡುಗಟ್ಟಿದಾಗ ಮಾಡಿದ್ದನ್ನೇ ಮಾಡಿದೆ. ಎಂಜಿನ್ನಿನ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಹನಿಸಿ ಕಾಯುವುದು. ಮಾವನಿಗೆ ತಾಳ್ಮೆಯಿಲ್ಲ. ‘ಎರಡು ಏಟು ಹಾಕೋಣ’ ಎಂದರು. ‘ಕೈ ಹಚ್ಚಿದ್ರೆ ನೋಡಿ’ ಎಂದೆ. ಒಂದಿಡೀ ಸಂಜೆ ಇಬ್ಬರೂ ಮುಖ ಊದಿಸಿಕೊಂಡಿದ್ದೆವು. ನಿಜ ಹೇಳಲೇ? ಮನೆಯಲ್ಲಿ ಜಗಳವಾಡಲು ಒಬ್ಬರಿರುವುದು ಹಿತವಾಗಿತ್ತು.

ನಿನ್ನೆ ಬೆಳಿಗ್ಗೆ, ಚಕ್ರ ಉರುಳಿದರೆ ಎಂಜಿನ್ನೂ ತಿರುಗಲೆಂದು ಟಾಪ್ ಗೇರಿಗೆ ಹಾಕಿ, ಮಾವನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ನಾನೂ ಪಕ್ಕದ ಬೇಕರಿಯವರೂ ಹಿಂದೆ ನಿಂತು ತಳ್ಳಿದೆವು. ಚಕ್ರ ಉರುಳದೆ ಕಾರು ಪರಚಿಕೊಂಡು ಜರುಗಿತು. ಹಿಂದಕ್ಕೆ ಎಳೆದೆವು, ಮತ್ತೆ ತಳ್ಳಿದೆವು. ಬೇಕರಿಯವರು ‘ಸಾಕು ಬಿಡಿ’ ಎನ್ನುವಷ್ಟರಲ್ಲಿ ಒಳಗೆಲ್ಲೋ ಕಟಕ್ಕೆಂದಿತು. ತೆರೆದ ಬಾನೆಟ್ಟಿನೊಳಗೆ ಎಂಜಿನ್ನಿನ ಫ್ಯಾನು ಒಂದು ಗೇಣು ತಿರುಗಿತು. ಮಾವ ಕುಳಿತಲ್ಲಿಂದಲೇ, ‘ತಿರುಗ್ತು ಕಣೇ’ ಎಂದರು. ಮಗಳನ್ನು ಕರೆಯುವ ಹಾಗೆ.

ಇನ್ನು ನೀವೇ ಬರಬೇಕು. ಸೀಟು ನನ್ನ ಪಾಲಿಗಿರಲಿ, ಕಾರ್ಬ್ಯುರೇಟರ್ ನಿಮಗೆ. ಮಾವ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ನಿಮ್ಮ ಹಿಂದಿನ ಪತ್ರದಲ್ಲಿ ಎರಡು ಕಾಗುಣಿತದ ತಪ್ಪುಗಳಿವೆ ಎಂದೂ.

ನಿಮ್ಮ ದಾರಿ ಕಾಯುವ
ಹೊಲಿಗೆಯವಳು

ಅವಸರದಲ್ಲಿ ಒಂದು ಮಾತು: ಮಾವ ನಮಗೆ ಭಾರವಾಗಬಾರದೆಂದು ಮುಂದಿನ ತಿಂಗಳು ಖಾಯಂ ಆಗಿ ನಿಮ್ಮ ಅಕ್ಕನ ಮನೆಗೆ ಹೊರಡುವವರಿದ್ದರಲ್ಲ, ಬಟ್ಟೆಬರೆಯನ್ನೂ ಕಟ್ಟಿಟ್ಟಿದ್ದರು. ನಾನು ಬೇಡವೆನ್ನಲು ಎಷ್ಟು ಸಲ ಹೋದರೂ ಮಾತು ಹೊರಡುತ್ತಿರಲಿಲ್ಲ. ಈಗತಾನೇ ಒಳಗೆ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ‘ಬರೋಕಾಗಲ್ಲ ಮಗಳೇ. ಇಲ್ಲಿ ಕೆಲಸ ಇದೆ.’