ಬೀಗ ಹಾಕಿದ ಮಾತು, ಬೀರುವಿನ ಪಾಸ್‌ಪೋರ್ಟ್

ಸದಣ್ಣ,

ಇದನ್ನು ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಫೋನು ನನಗೆ ಸಾಕಾಗಿಹೋಗಿದೆ.

ಅಲ್ ಮನ್ಸೂರಾದ ನಮ್ಮ ರೂಮಿನಲ್ಲಿ ನಿಮ್ಮ ಫೋನಿಗೆ ಆ ಗುಟ್ಟಿನ ಆ್ಯಪ್ ಹಾಕಿಕೊಟ್ಟ ಶುಕ್ರವಾರ ನೆನಪಿದೆಯಾ? ಕಾರ್ಮಿಕರ ಹಕ್ಕಿನ ಕರಪತ್ರಗಳನ್ನು ಓದಿ ಓದಿ ನನ್ನ ತಲೆ ಕಾದಿತ್ತು. ಕಂಪನಿ ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡಿರುವುದು ಈ ಅರಬ್ ದೇಶದ ಕಾನೂನಿಗೇ ವಿರುದ್ಧ, ಎಲ್ಲರೂ ಒಟ್ಟಾಗಿ ಕೇಳೋಣ, ಆದರೆ ಕಂಪನಿಯ ವೈಫೈಯಲ್ಲಿ ನಮ್ಮ ಮಾತನ್ನು ಯಾರೂ ಓದಬಾರದು ಎಂದಿದ್ದೆ. ನನ್ನ ಫೋನಿನಲ್ಲಿ ಬೀಗ ಬಿದ್ದ ಮಾತು ನಿಮ್ಮ ಫೋನಿನಲ್ಲಿ ಮಾತ್ರ ತೆರೆಯುತ್ತದೆ, ನಡುವೆ ಕದ್ದವನಿಗೆ ತಲೆಬುಡವಿಲ್ಲದ ಅಕ್ಷರಗಳಷ್ಟೇ ಸಿಗುತ್ತವೆ ಎಂದು ವಿವರಿಸಿದೆ. ನೀವು ಕನ್ನಡಕ ಏರಿಸಿ ನೋಡಿದಿರಿ. "ಎಂತ ಮಾರಾಯ, ಇದು ಮಾತಾಡ್ಲಿಕ್ಕೆ ಫೋನೋ, ಬ್ಯಾಂಕಿನ ಲಾಕರೋ?"

ಬಾಗಲಕೋಟೆಯ ವೆಲ್ಡರ್ ಬಸಣ್ಣ ಹೊಸ ಫೋನು ಕೊಂಡಾಗ ಅವನು ಅಲ್ ವಕ್ರಾದಿಂದ ನಮ್ಮ ರೂಮಿಗೆ ಮೆಟ್ರೊ ಹಿಡಿದು ಬರಬೇಕಾಯಿತು. ಫೋನು ಹೊಸದಾದರೆ ಬೀಗವೂ ಹೊಸದು. ಅದು ಬಸಣ್ಣನದೇ ಬೀಗವೋ, ನಡುವೆ ಕೂತ ಇನ್ಯಾರದೋ? ಖಾತ್ರಿಯಾಗಲು ಎರಡೂ ಪರದೆಗಳ ಮೇಲಿನ ಅಂಕಿಗಳ ಸಾಲನ್ನು ಎದುರುಬದುರು ಕೂತು ಓದಿ ತಾಳೆ ನೋಡಬೇಕು. ಅಲ್ಲಿಯವರೆಗೆ ಯಾರೂ ಅವನಿಗೆ ಮೆಸೇಜ್ ಹಾಕಕೂಡದು ಎಂಬ ಕಟ್ಟಪ್ಪಣೆ ನನ್ನದು.

"ಏ ತಮ್ಮಾ, ನನ್ನ ಮಾರಿ ಕಂಡರ ಸಾಲಂಗಿಲ್ಲೇನು? ಅಂಕಿ ಓದಿದ ಮ್ಯಾಲೇ ನಾ ನಾನಾಗೂದನ?"

ನೀವು ಚಹಾ ಸೋಸುತ್ತಾ ಹೇಳಿದಿರಿ, "ಓದಿ ಬಸಣ್ಣ, ಇವ ಬಿಡುವ ಜಾತಿಯವ ಅಲ್ಲ."

ಅಂಕಿಗಳೇನೋ ತಾಳೆಯಾದವು. ಹಳೆಯ ಮೆಸೇಜುಗಳು ಮಾತ್ರ ಹೊಸ ಫೋನಿಗೆ ಬರಲೇ ಇಲ್ಲ.

ಹಮದ್ ಬಂದರಿನಿಂದ ಊಟದ ಬಿಡುವಿನಲ್ಲಿ ನೀವು ಅದೇ ಆ್ಯಪಿನಲ್ಲಿ ಕರೆ ಮಾಡುತ್ತಿದ್ದಿರಿ. ದನಿ ತಡವಾಗಿ ತಲುಪುತ್ತಿತ್ತು. ಇಬ್ಬರೂ ಒಟ್ಟಿಗೆ ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, "ಹಲೋ, ಕೇಳ್ತದಾ?" ಎನ್ನುವುದರಲ್ಲೇ ನಿಮ್ಮ ಬಿಡುವು ಮುಗಿಯುತ್ತಿತ್ತು. ಅಷ್ಟೆಲ್ಲ ಭದ್ರ ಮಾಡಿ ನಾವು ಆಡಿದ್ದಾದರೂ ಏನು? ಕೊನೆಗೆ ನೀವೊಬ್ಬರೇ ಆಫೀಸಿಗೆ ಹೋಗಿ ಕೇಳಿದಿರಿ. ಪಾಸ್‌ಪೋರ್ಟುಗಳು ಹೆಡ್ ಆಫೀಸಿನ ಬೀರುವಿನಲ್ಲಿವೆ, ತರಿಸಲು ತಿಂಗಳುಗಳು ಬೇಕು, ಖಲಾಸ್ ಎಂದು ಕಳಿಸಿದರು. ಆ ಸಂಜೆ ನಿಮ್ಮ ಮುಖ...

ಅದಾದ ಕೆಲವೇ ದಿನಕ್ಕೆ ನೀವು ಬಂದರಿನಲ್ಲಿ ಎದೆ ಹಿಡಿದುಕೊಂಡು ಕುಸಿದಿರಿ. ನಾನು ಆಸ್ಪತ್ರೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ದೇಹವನ್ನು ಊರಿಗೆ ಕಳಿಸಲು ಪಾಸ್‌ಪೋರ್ಟ್ ಬೇಕೆಂದರು. ಅರ್ಧ ದಿನದಲ್ಲಿ ಬಂತು, ಸದಣ್ಣ. ತಿಂಗಳುಗಳು ಬೇಕಾಗಿದ್ದದ್ದು ಅರ್ಧ ದಿನದಲ್ಲಿ!

ಎಲ್ಲರೂ ಆಫೀಸಿಗೆ ಬನ್ನಿ ಎಂದು ಗುಂಪಿಗೆ ಮೆಸೇಜ್ ಹಾಕಿದೆ. ಕೆಲವರಿಗೆ ತಲುಪಲಿಲ್ಲ, ಕೆಲವರಿಗೆ ತಲುಪಿದರೂ ತೆರೆಯಲಿಲ್ಲ. ಮತ್ತಿಬ್ಬರು ಫೋನು ಬದಲಿಸಿದ್ದರು. ನಾನು ಅಂಕಿ ತಾಳೆ ನೋಡುವ ಮಾತೆತ್ತಿದೆ. ಬಸಣ್ಣ ನನ್ನ ಕೈಯಿಂದ ಫೋನು ಕಿತ್ತುಕೊಂಡ.

"ಸಾಕು ಬಿಡೋ ನಿನ್ನ ಅಂಕಿ! ಯಲ್ಲಾ, ನಡಿ."

ಅವನು ಇಲ್ಲೂ ಅಲ್ ವಕ್ರಾದಲ್ಲೂ ರೂಮು ರೂಮಿಗೆ ಹೋಗಿ ಬಾಗಿಲು ಬಡಿದ. ಎಲ್ಲರೂ ಹೊರಟರು. ಮುಖ ನೋಡಿದರೆ ಸಾಕಾಗಿತ್ತು. ನಿಮ್ಮ ಚಹಾ ಕುಡಿಯುತ್ತಾ, ಅಂಕಿ ಓದುತ್ತಾ, ನನ್ನನ್ನು ಬೈಯುತ್ತಾ ಎಷ್ಟೋ ಶುಕ್ರವಾರಗಳಲ್ಲಿ ಒಬ್ಬರಿಗೊಬ್ಬರು ಪರಿಚಯವಾಗಿದ್ದರಲ್ಲ?

ಆಫೀಸಿನಲ್ಲಿ ಬಸಣ್ಣ ಮೇಜಿನ ಮೇಲೆ ಕೈಯೂರಿ ಕೇಳಿದ, "ಸತ್ತರ ಅರ್ಧ ದಿನ, ಬದುಕಿದ್ದರ ಮಾಫಿ, ಇಲ್ಲ ಅಂತೀರೇನು?" ಮೇಜಿನಾಚೆ ಕೂತಿದ್ದ, ಕನ್ನಡ ಬಾರದ ಮ್ಯಾನೇಜರಿಗೂ ಅರ್ಥವಾಯಿತು. ಯಾರೂ ಅಲ್ಲಿಂದ ಕದಲಲಿಲ್ಲ. ಸಂಜೆಯೊಳಗೆ ಬೀರು ತೆರೆಯಿತು. ಅದು ಹೆಡ್ ಆಫೀಸಿನಲ್ಲಿರಲಿಲ್ಲ, ಸದಣ್ಣ. ಪಕ್ಕದ ಕೋಣೆಯಲ್ಲೇ ಇತ್ತು.

ಎಲ್ಲರ ಪಾಸ್‌ಪೋರ್ಟ್ ಎಲ್ಲರ ಕೈಗೆ ಬಂದಿದೆ. ಗೆದ್ದೆವು ಎಂದು ಕೂಗಬೇಕಿತ್ತು, ಒಬ್ಬೊಬ್ಬರಾಗಿ ರೂಮಿಗೆ ಮರಳಿದೆವು. ಅತ್ತಿಗೆ ಮೊನ್ನೆ ಫೋನಿನಲ್ಲಿ, "ನಿಮ್ಮೆಲ್ಲರ ಪಾಸ್‌ಪೋರ್ಟ್ ಹೇಗೆ ಸಿಕ್ಕಿತು?" ಎಂದು ಕೇಳಿದರು. ಸಿಗ್ನಲ್ ಇಲ್ಲ ಎಂದು ಕರೆ ಕತ್ತರಿಸಿದೆ. ಮುಂದಿನ ವಾರ ಊರಿಗೆ ಬರುತ್ತಿದ್ದೇನೆ. ಕಾರ್ಕಳದ ನಿಮ್ಮ ಮನೆಗೆ ಹೋಗಿ, ಅವರ ಎದುರು ಕೂತು, ಹೇಗೆ ಸಿಕ್ಕಿತೆಂದು ನನ್ನ ಬಾಯಿಯಿಂದಲೇ ಹೇಳುತ್ತೇನೆ.

ನಿಮ್ಮ
ಪ್ರಶಾಂತ